ಅಂತಿಗೊನೆ

ಮೇಲ್ತರಗತಿಯ ಹುಡುಗಿಯರಿಗೆ ಅಂತಿಗೊನೆಯ ಕಥೆಯನ್ನು ಹೇಳಿದಾಗಲೆಲ್ಲ ಅವರು ತಡವಿಲ್ಲದೆ ಅವಳ ಪಕ್ಷವನ್ನು ಹಿಡಿಯುತ್ತಾರೆ. ನಿಯಮಗಳನ್ನು ಮಾಡುವ ಕೆಲಸವು ನಮ್ಮ ಪಾಲಿಗೆ ಬಂದಿರುವುದರಿಂದಲೋ ಏನೋ, ನಮ್ಮ ಕಣ್ಣು ಮಾತ್ರ ಅರಸನಾದ ಕ್ರೆಯೋನನ ಮೇಲೆಯೇ ನಿಲ್ಲುತ್ತದೆ.

ಸೊಫೊಕ್ಲೀಸನು ಈ ರುದ್ರನಾಟಕವನ್ನು ರಚಿಸಿದ್ದು ಕ್ರಿ. ಪೂ. 441ರ ಸುಮಾರಿನಲ್ಲಿ. ಅಥೇನ್ಸ್ ಪಟ್ಟಣದ ಬಯಲುರಂಗದಲ್ಲಿ ಗಂಡಸರೇ ಮುಖವಾಡ ಧರಿಸಿ ಸ್ತ್ರೀಪಾತ್ರಗಳನ್ನೂ ವಹಿಸುತ್ತಿದ್ದರು. ಹೆಣ್ಣಿನ ಧೈರ್ಯವನ್ನು ಇಷ್ಟು ಎತ್ತರಕ್ಕೆ ಏರಿಸಿದ ನಾಟಕದಲ್ಲಿ ಹೆಣ್ಣೊಬ್ಬಳೂ ರಂಗವನ್ನು ಏರಲಿಲ್ಲವೆಂಬುದು ಸೋಜಿಗವೇ ಸರಿ.

ಥೀಬ್ಸ್ ನಗರದ ಪಟ್ಟಕ್ಕಾಗಿ ಹೋರಾಡಿದ ಸೋದರರಿಬ್ಬರು ಒಬ್ಬರನ್ನೊಬ್ಬರು ಕೊಂದು ಮಡಿಯುತ್ತಾರೆ. ಅವರ ಸೋದರಮಾವನಾದ ಕ್ರೆಯೋನನು ಅರಸನಾಗಿ, ಊರನ್ನು ಕಾದವನಿಗೆ ಮರ್ಯಾದೆಯಿಂದ ಸಂಸ್ಕಾರವಾಗಲಿ, ಹೊರಗಿನ ಸೇನೆಯನ್ನು ತಂದ ಪೊಲಿನೀಕೀಸನ ಹೆಣವು ನಾಯಿ ಹದ್ದುಗಳ ಪಾಲಾಗಲಿ, ಅದನ್ನು ಹೂಳಿದವರಿಗೆ ಮರಣದಂಡನೆ ಎಂದು ಆಜ್ಞಾಪಿಸುತ್ತಾನೆ. ಸತ್ತವರ ಸೋದರಿ ಅಂತಿಗೊನೆಯು, ದೇವರ ಅಲಿಖಿತ ಕಟ್ಟಳೆಯು ಅರಸನ ಆಜ್ಞೆಗಿಂತ ಹಿರಿದೆಂದು ಬಗೆದು, ಹೆಣದ ಮೇಲೆ ಮಣ್ಣು ಚೆಲ್ಲಿ ಸೆರೆಸಿಕ್ಕುತ್ತಾಳೆ.

ಕ್ರೆಯೋನನನ್ನು ಬರಿಯ ದುಷ್ಟನೆನ್ನಲು ನಮಗೆ ಮನಸ್ಸು ಬಾರದು. ಯುದ್ಧದಿಂದ ಬೆಂದ ಪಟ್ಟಣಕ್ಕೆ ಕಟ್ಟುನಿಟ್ಟು ಬೇಕೆಂದು ನಂಬಿದವನು ಅವನು. ಸ್ವಂತ ಸೋದರಿಯ ಮಗಳೆಂದು ಪಕ್ಷಪಾತ ಮಾಡಲಿಲ್ಲ. ಅವನ ಕೇಡೆಲ್ಲ ಇರುವುದು ಕಿವಿಗೊಡದಿರುವುದರಲ್ಲಿ. ಅಂತಿಗೊನೆಯನ್ನು ವರಿಸಬೇಕಾಗಿದ್ದ ಅವನ ಮಗ ಹೈಮೋನನು, ಪ್ರವಾಹಕ್ಕೆ ಬಾಗುವ ಮರವೇ ಉಳಿಯುವುದೆಂದು ವಿನಯದಿಂದ ಬೇಡಿಕೊಂಡರೆ, ಈ ವಯಸ್ಸಿನಲ್ಲಿ ಹುಡುಗನಿಂದ ಬುದ್ಧಿ ಕಲಿಯಬೇಕೇ ಎಂದು ರೇಗುತ್ತಾನೆ. ಕಡೆಗೆ ಕುರುಡನಾದ ಕಾಲಜ್ಞಾನಿ ತೈರೇಸಿಯಸನು ಎಚ್ಚರಿಸಿದ ಮೇಲೆ ಅವನು ಬೆದರಿದನು. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣವನ್ನು ಹೂಳು ಎಂದು ಊರ ಹಿರಿಯರು ಹೇಳಿದರು. ಅವನಾದರೋ ಮೊದಲು ಹೋದದ್ದು ಹೆಣದ ಬಳಿಗೆ! ಗುಹೆಗೆ ಬರುವಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಮಗನೂ, ಸುದ್ದಿ ಕೇಳಿದ ರಾಣಿಯೂ ತಮ್ಮ ಕೈಯಾರೆ ಸತ್ತರು.

ಸಮುವೇಲನ ಎರಡನೆಯ ಗ್ರಂಥದ ರಿಚ್ಪಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಆಕೆಯೂ ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿ ಕುಳಿತು, ಹಗಲು ಹಕ್ಕಿಗಳಿಂದಲೂ ಇರುಳು ಮೃಗಗಳಿಂದಲೂ ಮಕ್ಕಳ ಹೆಣಗಳನ್ನು ಕಾದವಳು. ಆದರೆ ಅಲ್ಲಿ ಅರಸನಾದ ದಾವೀದನು ಸುದ್ದಿಯನ್ನು ಕೇಳಿ ಎಲುಬುಗಳನ್ನು ಕೂಡಿಸಲು ಆಳುಗಳನ್ನು ಕಳುಹಿಸಿದನು.

ಈ ನಾಟಕಕ್ಕೆ ಮುಪ್ಪು ಬಂದಿಲ್ಲ. 1944ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ ಜಾನ್ ಅನುಯಿ ಎಂಬವರು ಇದೇ ಕಥೆಯನ್ನು ಹೊಸದಾಗಿ ಬರೆದು ಆಡಿಸಿದರು. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ಇದನ್ನು ಆಡಿದಾಗ ನೆಲ್ಸನ್ ಮಂಡೇಲರು ವಹಿಸಿದ್ದು ಕ್ರೆಯೋನನ ಪಾತ್ರವನ್ನು. 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿದ್ದಾರೆ. ಕನ್ನಡಕ್ಕೆ ಸೊಫೊಕ್ಲೀಸನ ಪ್ರಭಾವವು ಶ್ರೀ ಬಿ. ಎಂ. ಶ್ರೀಕಂಠಯ್ಯನವರ ಮೂಲಕ ಮೊದಲೇ ಬಂದಿತ್ತು. ಅವರ ‘ಅಶ್ವತ್ಥಾಮನ್’ ನಾಟಕಕ್ಕೆ ಆಧಾರವು ಅದೇ ಕವಿಯ ‘ಅಜಾಕ್ಸ್’. ಅಂತಿಗೊನೆಯನ್ನು ಶ್ರೀ ಪಿ. ಲಂಕೇಶರು ಕನ್ನಡಿಸಿದ್ದಾರೆ. ತಾಯಂದಿರು ಮೊದಲು ತಾವು ಓದಿ, ಆಮೇಲೆ ಮಗಳ ಕೈಗೆ ಕೊಡಬಹುದು. ಹೈಮೋನನು ತಂದೆಯೊಡನೆ ಮಾತನಾಡುವ ಭಾಗವನ್ನು ತಂದೆಯವರೂ ಓದಿದರೆ ನಮಗೆ ಸಂತೋಷ.