ಹತ್ತನೆಯವನ ಫೋಟೋ

ಪಾಲಾರಿವಟ್ಟಂ ಜಂಕ್ಷನ್ನಿನ ಚಹಾದಂಗಡಿಯಲ್ಲಿ ನಿಂತಿದ್ದಾಗ ಆ ಫೋನ್ ಬಂತು. ಕೊಚ್ಚಿಯಲ್ಲಿ ಕ್ಯಾಮೆರಾ ನಂಬಿಕೊಂಡು ಬದುಕುವ ನನಗೆ ಮದುವೆ, ನಿಶ್ಚಿತಾರ್ಥ, ಮಾಮ್ಮೋದೀಸದ ಕರೆಗಳು ಹೊಸತಲ್ಲ. ಇದು ಮಾತ್ರ ಹೊಸತು. ಇಸ್ರೇಲಿನಿಂದ ಒಂದು ಕುಟುಂಬ ಬರುತ್ತಿದೆ, ಹುಡುಗನಿಗೆ ಹದಿಮೂರು ತುಂಬುತ್ತಿದೆ, ಎರ್ನಾಕುಳಂನ ಕಡವುಂಭಾಗಂ ಸಿನಗಾಗ್‌ನಲ್ಲಿ ಅವನ ಬಾರ್ ಮಿಟ್ಜ್ವಾ. ಫೋಟೋ ತೆಗೆಯುತ್ತೀರಾ?

'ಶನಿವಾರ ಅಲ್ಲವೇ? ಆ ದಿನ ಬೇರೆ ಕೆಲಸ ಇದೆ' ಅಂದೆ. ಅವರ ಪ್ರಾರ್ಥನೆಯ ದಿನ ಶನಿವಾರ ಎಂದಷ್ಟೇ ನನಗೆ ಗೊತ್ತಿದ್ದದ್ದು. ಆ ಕಡೆಯಿಂದ ಹುಡುಗನ ಅಪ್ಪ ನಕ್ಕರು. ಶನಿವಾರ ಕ್ಯಾಮೆರಾ ಮುಟ್ಟುವಂತೆಯೇ ಇಲ್ಲವಂತೆ. ಸಬ್ಬತ್ ದಿನ ದೀಪ ಹಚ್ಚುವುದು, ಯಂತ್ರ ನಡೆಸುವುದು ಎಲ್ಲ ನಿಷಿದ್ಧ. ಆದರೆ ತೋರಾ ಓದುವುದು ಶನಿವಾರ ಮಾತ್ರವಲ್ಲ, ಸೋಮವಾರ ಮತ್ತು ಗುರುವಾರ ಬೆಳಿಗ್ಗೆಯೂ ಉಂಟು. ಫೋಟೋ ಬೇಕೆನ್ನುವವರು ಗುರುವಾರ ಹಿಡಿಯುತ್ತಾರೆ.

ನಾನು ಬದಿಯಡ್ಕದ ಕಡೆಯವನು. ಕಾಸರಗೋಡಿನ ನಮಗೆ ಮಲಯಾಳಂ ಪರಭಾಷೆಯಲ್ಲ, ಕೊಚ್ಚಿ ಮಾತ್ರ ಪರವೂರು. ಊರಿನಲ್ಲಿ ಎಷ್ಟೋ ಉಪನಯನಗಳ ಫೋಟೋ ತೆಗೆದಿದ್ದೇನೆ. ಬಟುವಿನ ಕಿವಿಗೆ ಅಪ್ಪ ಮಂತ್ರ ಹೇಳುವಾಗ ಮೇಲೆ ಬಟ್ಟೆ ಹೊದಿಸುತ್ತಾರೆ, ಅಲ್ಲಿ ಕ್ಯಾಮೆರಾಕ್ಕೆ ಕೆಲಸವಿಲ್ಲ. ಇಲ್ಲಿಯೂ ಅಂಥದ್ದೇನಾದರೂ ಇರಬಹುದೆಂದು ಮೊದಲೇ ಕೇಳಿಕೊಂಡೆ. ಚರ್ಮದ ಸುರುಳಿಯ ಮೇಲೆ ಫ್ಲಾಶ್ ಬೇಡ, ಓದುವಾಗ ಅಡ್ಡ ಬರಬೇಡಿ, ತಲೆ ಮುಚ್ಚಿಕೊಳ್ಳಿ, ಅಷ್ಟೇ ಎಂದರು.

ಗುರುವಾರ ಬೆಳಿಗ್ಗೆ ಮೆಟ್ರೋ ಹತ್ತಿ ಎಂ.ಜಿ. ರೋಡಿನಲ್ಲಿ ಇಳಿದು ಮಾರ್ಕೆಟ್ಟಿನ ಕಡೆ ನಡೆದೆ. ಈ ಸಿನಗಾಗ್ ಹುಡುಕಿ ಹೋಗುವವರು ಒಮ್ಮೆಯಾದರೂ ದಾಟಿ ಮುಂದೆ ಹೋಗಿಬಿಡುತ್ತಾರೆ. ಎದುರಿಗೆ ಕಾಣುವುದು ಅಲಂಕಾರದ ಮೀನು, ಹೂಗಿಡ ಮಾರುವ ಅಂಗಡಿ. ಮೀನಿನ ತೊಟ್ಟಿಗಳ ನಡುವೆ ಹಾದು ಒಳಗೆ ಹೋದರೆ ಎತ್ತರದ ಹಜಾರ, ತೂಗುವ ಗಾಜಿನ ದೀಪಗಳು, ನಡುವೆ ಓದುವ ವೇದಿಕೆ. 1972ರ ಹೊತ್ತಿಗೆ ಇಲ್ಲಿ ಪೂಜೆ ನಿಂತುಹೋಗಿತ್ತು. ಆ ಅಂಗಡಿಯನ್ನು ನಡೆಸುತ್ತ ಬಂದ ಇಲ್ಯಾಸ್ ಜೋಸೆಫಾಯ್ ಅವರೇ ಕಟ್ಟಡವನ್ನು ಉಳಿಸಿ ರಿಪೇರಿ ಮಾಡಿಸಿದವರು. ಪ್ರವಾಸಿಗಳು ಸಾಲುಗಟ್ಟುವುದು 1568ರಲ್ಲಿ ಕಟ್ಟಿದ ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ಗೆ. ಮಟ್ಟಾಂಚೇರಿಯಲ್ಲೂ ಕಡವುಂಭಾಗಂ ಎಂಬ ಹೆಸರಿನದೇ ಇನ್ನೊಂದು ಸಿನಗಾಗ್ ಇತ್ತು. ಅದರ ಒಳಗಿನ ಮರದ ಕೆಲಸ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಇಲ್ಲಿ ಉಳಿದ ಗೋಡೆಗಳಲ್ಲಿ ಒಂದು ಭಾಗ 2019ರ ಮಳೆಗಾಲದಲ್ಲಿ ಕುಸಿಯಿತು.

ಹುಡುಗನ ಅಜ್ಜಿ ಎರ್ನಾಕುಳಂನವರೇ. 1948ರಲ್ಲಿ ಇಸ್ರೇಲ್ ಆದ ಮೇಲೆ, 50ರ ದಶಕದಲ್ಲಿ ಕೇರಳದ ಯೆಹೂದಿಗಳು ಊರಿಗೆ ಊರೇ ಎದ್ದಂತೆ ಹೊರಟರು. ಆಗ ಅವರು ಎರಡೂವರೆ ಸಾವಿರದ ಆಸುಪಾಸು ಇದ್ದರು, ಈಗ ಬೆರಳೆಣಿಕೆಯಷ್ಟು. ಅಜ್ಜಿ ಎಂಟು ವರ್ಷದವರಿದ್ದಾಗ ಹೋದದ್ದು, ನೆಗೆವ್ ಮರುಭೂಮಿಯ ನೆವಾತಿಮ್‌ಗೆ. ನನ್ನ ಮಲಯಾಳಂ ಕೇಳಿದ್ದೇ ಕೈ ಹಿಡಿದುಕೊಂಡರು.

'ಮೋನೇ, ಇಲ್ಲೇ ನನ್ನ ಅಣ್ಣನಿಗೂ ಆದದ್ದು. ನಾನು ಮೇಲಿದ್ದೆ, ಹೆಂಗಸರ ಜೊತೆ. ಒಂದು ಫೋಟೋ ಸಹ ಇಲ್ಲ. ಅಣ್ಣ ಹೋದ ವರ್ಷ ತೀರಿಕೊಂಡ. ಇವತ್ತು ಮೇಲಿಂದಲೇ ಒಂದು ತೆಗಿ, ನಾನು ನೋಡಿದ ಹಾಗೆ.'

ಕೇರಳದ ಸಿನಗಾಗ್‌ಗಳಲ್ಲಿ ಬೇರೆಲ್ಲೂ ಕಾಣದ ಒಂದು ವಿಶೇಷವಿದೆ: ಕೆಳಗಿನ ವೇದಿಕೆಯಲ್ಲದೆ ಮಹಡಿಯಲ್ಲಿ, ಹೆಂಗಸರು ಕೂರುವ ಜಾಗದ ಮುಂದೆ, ಎರಡನೆಯ ವೇದಿಕೆ. ಅಲ್ಲಿಂದ ಹಜಾರ ಪೂರ್ತಿ ಕಾಣುತ್ತದೆ. ಆ ಚಿತ್ರವೊಂದನ್ನು ತಪ್ಪಿಸಿಕೊಳ್ಳಬಾರದೆಂದು ಮನಸ್ಸಿನಲ್ಲಿ ಬರೆದುಕೊಂಡೆ.

ಆದರೆ ಕಾರ್ಯಕ್ರಮ ಶುರುವಾಗಲೇ ಇಲ್ಲ. ತೋರಾ ಹೊರತೆಗೆದು ಓದಬೇಕಾದರೆ ಹತ್ತು ಮಂದಿ ಗಂಡಸರು, ಹದಿಮೂರು ದಾಟಿದ ಯೆಹೂದಿಗಳು ಇರಲೇಬೇಕು. ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಕೊಚ್ಚಿಯಲ್ಲಿ ಅಷ್ಟು ಜನ ಸೇರುವುದು ಕಷ್ಟವೆಂದು ಮನೆಯವರೇ ಲೆಕ್ಕ ಹಾಕಿ ಅಲ್ಲಿಂದ ಚಿಕ್ಕಪ್ಪ, ಮಾವಂದಿರನ್ನು ಕರೆತಂದಿದ್ದರು. ಹಿಂದಿನ ರಾತ್ರಿ ಒಬ್ಬ ಚಿಕ್ಕಪ್ಪನ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಮಲಗಿದ್ದರು.

ಅವರು ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದಿಲ್ಲ. ನಮ್ಮೂರಲ್ಲಿ ಅಕ್ಕಿ ಅಳೆಯುವಾಗ ಹಿರಿಯರು ಒಂದು ಎನ್ನದೆ 'ಲಾಭ' ಎನ್ನುವ ಹಾಗೆ, ಇವರು ಹತ್ತು ಶಬ್ದಗಳ ಒಂದು ಪ್ರಾರ್ಥನೆಯ ಸಾಲನ್ನು ತಲೆಗೊಂದು ಶಬ್ದದಂತೆ ಹೇಳುತ್ತಾ ಹೋಗುತ್ತಾರೆ. ಹುಡುಗನ ಅಪ್ಪ ಹೇಳಿದರು. ಒಂಬತ್ತನೆಯ ಶಬ್ದಕ್ಕೆ ನಿಂತಿತು. ಅಭ್ಯಾಸಬಲದಿಂದ ಎಲ್ಲರೂ ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಡೆ. ನಾನು ಕ್ಯಾಮೆರಾ ಎತ್ತಿ ತೋರಿಸಿ ತಲೆ ಅಲ್ಲಾಡಿಸಿದೆ. ಮೇಲಿನಿಂದ ಅಜ್ಜಿಯ ಸ್ವರ ಬಂತು, ಹೀಬ್ರೂವಿನಲ್ಲಿ. ನನಗೆ ಅರ್ಥವಾಗಲಿಲ್ಲ, ಆದರೆ ಕೆಳಗಿದ್ದವರೆಲ್ಲ ಗೊಳ್ಳೆಂದು ನಕ್ಕು ಹುಡುಗನ ಕಡೆ ತಿರುಗಿದರು. ಅವರ ಪಂಚಾಂಗದ ಪ್ರಕಾರ ಅವನಿಗೆ ಹದಿಮೂರು ತುಂಬಿ ಎರಡು ದಿನವಾಗಿತ್ತು. ಮಗು ಎಂದು ಬಿಟ್ಟು ಎಣಿಸಿದ್ದರು. ಅಪ್ಪ ಮೊದಲಿನಿಂದ ಸಾಲು ಹೇಳಿ, ಹತ್ತನೆಯ ಶಬ್ದವನ್ನು ಮಗನ ಮುಂದೆ ನಿಂತು ಹೇಳಿದರು. ಹುಡುಗನ ಮುಖ ಕೆಂಪಾಯಿತು. ಆ ಚಿತ್ರ ನನಗೆ ಸಿಕ್ಕಿತು.

ಆಮೇಲಿನದು ಸರಾಗ. ಎಡತೋಳಿಗೆ ಕಪ್ಪು ಚರ್ಮದ ಪೆಟ್ಟಿಗೆ ಕಟ್ಟಿ ಪಟ್ಟಿಯನ್ನು ಮುಂಗೈಗೆ ಏಳು ಸುತ್ತು ಸುತ್ತಿದ, ಇನ್ನೊಂದನ್ನು ಹಣೆಯ ಮೇಲೆ ಇಟ್ಟ. ಇದಕ್ಕೆ ತೆಫಿಲಿನ್ ಎನ್ನುತ್ತಾರೆ. ಶನಿವಾರವಾಗಿದ್ದರೆ ಇದೂ ಇರುತ್ತಿರಲಿಲ್ಲ. ಓದಲು ಮೂವರನ್ನು ಕರೆಯುತ್ತಾರೆ, ಮೂರನೆಯವನು ಹುಡುಗ. ಸುರುಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಕಡ್ಡಿಯಿಂದ ಸಾಲು ತೋರಿಸುತ್ತ ಓದಬೇಕು. ಅದರಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಕಾಗುಣಿತವಿಲ್ಲದ ಬರೀ ವ್ಯಂಜನಗಳನ್ನು ರಾಗವಾಗಿ ಓದಿ ಎಂದರೆ ನಮ್ಮ ಪಾಡೇನು ಯೋಚಿಸಿ! ತಿಂಗಳುಗಟ್ಟಲೆ ಕಲಿತಿದ್ದ. ಓದು ಮುಗಿದ ಮೇಲೆ ಅಪ್ಪ ಒಂದು ಮಾತು ಹೇಳಬೇಕು: ಇನ್ನು ಇವನ ತಪ್ಪಿನ ಹೊಣೆಯಿಂದ ನನ್ನನ್ನು ಬಿಡಿಸಿದವನಿಗೆ ಸ್ತುತಿ, ಎಂಬ ಅರ್ಥದ್ದು. ಹೇಳುವಾಗ ಅವರ ಗಂಟಲು ಕಟ್ಟಿತು. ಆಗ ನಾನು ಮಹಡಿಯಲ್ಲಿದ್ದೆ, ಅಜ್ಜಿಯ ಹಿಂದೆ. ಅವರ ಹೆಗಲ ಮೇಲಿಂದ, ಕಿಟಕಿಯ ಬೆಳಕಿನಲ್ಲಿ ಕೆಳಗಿನ ಹುಡುಗ. ಐಎಸ್‌ಒ 3200, ಸದ್ದಿಲ್ಲದ ಶಟರ್. ಅದೇ ಹೊತ್ತಿಗೆ ಹೆಂಗಸರು ಮೇಲಿನಿಂದ ಮಿಠಾಯಿ ಎಸೆದರು.

ಮಧ್ಯಾಹ್ನದ ಊಟ ಅಪ್ಪಂ, ತೆಂಗಿನಹಾಲಿನ ಕರಿಮೀನ್ ಮೋಲಿ. ಕೊಚ್ಚಿಯ ಔತಣದಲ್ಲಿ ಸಿಗಡಿ ಇಲ್ಲದ್ದು ಅಂದೇ ನೋಡಿದ್ದು. ಹುರುಪೆ, ರೆಕ್ಕೆ ಎರಡೂ ಇರುವ ಮೀನು ಮಾತ್ರ ಅವರಿಗೆ ನಡೆಯುತ್ತದೆ. ಊಟದ ನಂತರ ಅಜ್ಜಿ ಮಲಯಾಳಂ ಹಾಡು ಹೇಳಿದರು. ಈ ಹಾಡುಗಳನ್ನು ಹೆಂಗಸರೇ ನೋಟುಪುಸ್ತಕಗಳಲ್ಲಿ ಬರೆದಿಟ್ಟು ತಾಯಿಯಿಂದ ಮಗಳಿಗೆ ದಾಟಿಸಿದ್ದಂತೆ.

ನಾನು ಕನ್ನಡದವನೆಂದಾಗ ಹುಡುಗನ ಅಪ್ಪ ಮಂಗಳೂರಿನ ಹೆಸರೆತ್ತಿದರು. 12ನೆಯ ಶತಮಾನದಲ್ಲಿ ಟುನೀಶಿಯಾದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಅವನ ಪತ್ರಗಳು ಕೈರೋದ ಸಿನಗಾಗ್‌ನ ಹಳೆಯ ಕಾಗದದ ಕೋಣೆಯಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ ಅದನ್ನು ಹಿಡಿದು 1992ರಲ್ಲಿ ಪುಸ್ತಕವನ್ನೇ ಬರೆದರು. ಕರಾವಳಿಗೆ ಬಂದವರೂ ಹೋದವರೂ ನಮ್ಮಂಥವರೇ, ಕೆಲಸ ಹುಡುಕಿಕೊಂಡೋ ನೆಲೆ ಹುಡುಕಿಕೊಂಡೋ.

ಒಟ್ಟು 640 ಚಿತ್ರಗಳನ್ನು ಕಳಿಸಿದೆ. ವಾರದ ನಂತರ ಅಜ್ಜಿ ಧ್ವನಿಸಂದೇಶ ಕಳಿಸಿದರು. ಮೇಲಿನಿಂದ ತೆಗೆದ ಆ ಒಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರಂತೆ. ನೋಡಿದವರು ಹುಡುಗ ಯಾರೆಂದು ಕೇಳಿದರೆ ಮೊದಲು ಅಣ್ಣನ ಹೆಸರು ಬಾಯಿಗೆ ಬರುತ್ತದಂತೆ, ಆಮೇಲೆ ಮೊಮ್ಮಗನದು.