ರೋಲ್‌ಗೆ 12 ಚಿತ್ರ ಮಾತ್ರ: ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾದಲ್ಲಿ ಡೆಪ್ತ್ ಆಫ್ ಫೀಲ್ಡ್ ಅಂದಾಜಿಸುವುದು ಹೇಗೆ?

ಮನೆಯ ಸಮಾರಂಭದಲ್ಲಿ ತೆಗೆದ ಗ್ರೂಪ್ ಫೋಟೊ. ಮುಂದೆ ಕುರ್ಚಿಯಲ್ಲಿ ಕುಳಿತ ಅಜ್ಜ, ಅಜ್ಜಿಯ ಮುಖ ಸ್ಪಷ್ಟವಾಗಿದೆ. ಹಿಂದೆ ನಿಂತ ಮಕ್ಕಳು, ಸೊಸೆಯಂದಿರ ಮುಖ ಮಸುಕಾಗಿದೆ. ಡಿಜಿಟಲ್ ಕ್ಯಾಮೆರಾ ಆಗಿದ್ದರೆ ತಪ್ಪು ಆಗಲೇ ಪರದೆಯಲ್ಲಿ ಕಾಣುತ್ತಿತ್ತು, ಇನ್ನೊಂದು ಫೋಟೊ ತೆಗೆಯಬಹುದಿತ್ತು. ಫಿಲ್ಮ್‌ನಲ್ಲಿ ಅದು ಗೊತ್ತಾಗುವುದು ಲ್ಯಾಬ್‌ನಿಂದ ರೋಲ್ ತೊಳೆದು ಬಂದ ಮೇಲೆ. ಅಷ್ಟರಲ್ಲಿ ನೆಂಟರೆಲ್ಲ ಊರು ಸೇರಿರುತ್ತಾರೆ.

ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಲ್ಲಿ ಬಳಸುವ 120 ರೋಲ್ ಅನ್ನು ಕೊಡಾಕ್ ಕಂಪನಿ 1901ರಲ್ಲಿ ಮಾರುಕಟ್ಟೆಗೆ ತಂದಿತ್ತು. ಅದು ಇಂದಿಗೂ ಬಳಕೆಯಲ್ಲಿದೆ. 6×6 ಸೆಂ.ಮೀ. ಅಳತೆಯ ಕ್ಯಾಮೆರಾದಲ್ಲಿ ಒಂದು ರೋಲ್‌ಗೆ 12 ಚಿತ್ರ, 6×7ರಲ್ಲಿ 10 ಚಿತ್ರ ಮಾತ್ರ. ಹಾಗಾಗಿ ಕ್ಲಿಕ್ಕಿಸುವ ಮೊದಲೇ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿ ಬರುತ್ತದೆ ಎಂಬ ಲೆಕ್ಕ ಗೊತ್ತಿರಬೇಕು.

ಏನಿದು ಡೆಪ್ತ್ ಆಫ್ ಫೀಲ್ಡ್?

ಲೆನ್ಸ್ ನಿಖರವಾಗಿ ಫೋಕಸ್ ಮಾಡುವುದು ಒಂದೇ ಒಂದು ದೂರಕ್ಕೆ. ಅದರ ಹಿಂದೆ, ಮುಂದೆ ಇರುವ ಪ್ರತಿ ಬಿಂದುವೂ ಫಿಲ್ಮ್ ಮೇಲೆ ಸಣ್ಣ ವೃತ್ತವಾಗಿ ಬೀಳುತ್ತದೆ. ಆ ವೃತ್ತ ತೀರಾ ಚಿಕ್ಕದಿದ್ದರೆ ಕಣ್ಣು ಅದನ್ನು ಬಿಂದು ಎಂದೇ ಒಪ್ಪಿಕೊಳ್ಳುತ್ತದೆ. ಹೀಗೆ ಕಣ್ಣು ಒಪ್ಪುವಷ್ಟು ಸ್ಪಷ್ಟವಾಗಿ ಕಾಣುವ ವಲಯವೇ ಡೆಪ್ತ್ ಆಫ್ ಫೀಲ್ಡ್. 35 ಎಂ.ಎಂ. ಫಿಲ್ಮ್‌ಗೆ ಈ ವೃತ್ತದ ಮಿತಿಯನ್ನು ಸಾಮಾನ್ಯವಾಗಿ 0.03 ಮಿ.ಮೀ. ಎಂದು ಹಿಡಿಯುತ್ತಾರೆ. 6×6 ನೆಗೆಟಿವ್ ದೊಡ್ಡದು. ಪ್ರಿಂಟ್ ಮಾಡುವಾಗ ಅದನ್ನು ಅಷ್ಟು ಹಿಗ್ಗಿಸಬೇಕಿಲ್ಲ. ಆದ್ದರಿಂದ ಅದಕ್ಕೆ 0.05ರಿಂದ 0.06 ಮಿ.ಮೀ.ವರೆಗೆ ರಿಯಾಯಿತಿ ಇದೆ.

ರಿಯಾಯಿತಿ ಇದ್ದರೂ ವಲಯ ಕಿರಿದೇಕೆ?

ಕಾರಣ ಲೆನ್ಸ್. 35 ಎಂ.ಎಂ. ಕ್ಯಾಮೆರಾದಲ್ಲಿ 50 ಎಂ.ಎಂ. ಲೆನ್ಸ್ ಕಾಣುವಷ್ಟೇ ದೃಶ್ಯವನ್ನು 6×6ರಲ್ಲಿ ಹಿಡಿಯಲು ಸುಮಾರು 80 ಎಂ.ಎಂ. ಲೆನ್ಸ್ ಬೇಕು. ಫೋಕಲ್ ಲೆಂತ್ ಹೆಚ್ಚಾದಂತೆ ಸ್ಪಷ್ಟ ವಲಯ ಬೇಗ ಕುಗ್ಗುತ್ತದೆ. 2 ಮೀಟರ್ ದೂರದಲ್ಲಿರುವ ವ್ಯಕ್ತಿಯನ್ನು ಎಫ್/2.8 ಅಪರ್ಚರ್‌ನಲ್ಲಿ ತೆಗೆದರೆ 35 ಎಂ.ಎಂ. ಕ್ಯಾಮೆರಾದಲ್ಲಿ ಸುಮಾರು 26 ಸೆಂ.ಮೀ. ಸ್ಪಷ್ಟವಾಗಿರುತ್ತದೆ. 6×6ರಲ್ಲಿ 0.05 ಮಿ.ಮೀ. ಲೆಕ್ಕದಲ್ಲಿ ಸುಮಾರು 17 ಸೆಂ.ಮೀ. ಮಾತ್ರ. ಸಣ್ಣ ಕ್ಯಾಮೆರಾದ ಅಭ್ಯಾಸದಲ್ಲೇ ದೊಡ್ಡ ಕ್ಯಾಮೆರಾ ಹಿಡಿದವರು ಎಡವುವುದು ಇಲ್ಲೇ.

ಲೆನ್ಸ್ ಮೇಲಿನ ಸ್ಕೇಲ್ ಓದುವುದು ಹೀಗೆ

ಹಳೆಯ ಲೆನ್ಸ್‌ಗಳ ಮೇಲೆ ದೂರದ ಅಂಕಿಗಳ ಪಕ್ಕದಲ್ಲಿ, ಮಧ್ಯದ ಗೆರೆಯ ಎರಡೂ ಬದಿಗೆ 4, 8, 16 ಎಂಬಂತೆ ಅಪರ್ಚರ್ ಸಂಖ್ಯೆಗಳಿರುತ್ತವೆ. ಎರಡು ಲೆನ್ಸ್‌ನ ಟಿಎಲ್‌ಆರ್ ಕ್ಯಾಮೆರಾಗಳಲ್ಲಿ ಈ ಸ್ಕೇಲ್ ಹೆಚ್ಚಾಗಿ ಫೋಕಸ್ ನಾಬ್ ಸುತ್ತ ಇರುತ್ತದೆ.

ಮೊದಲು ಹತ್ತಿರದ ವ್ಯಕ್ತಿಗೆ ಫೋಕಸ್ ಮಾಡಿ ದೂರ ಓದಿಕೊಳ್ಳಬೇಕು. ನಂತರ ಹಿಂದಿನ ಸಾಲಿಗೆ ಫೋಕಸ್ ಮಾಡಿ ಆ ದೂರವನ್ನೂ ನೋಡಬೇಕು. ಈ ಎರಡೂ ಅಂಕಿಗಳು ಒಂದೇ ಅಪರ್ಚರ್ ಸಂಖ್ಯೆಯ ಎಡ, ಬಲ ಗುರುತುಗಳ ನಡುವೆ ಬರುವಂತೆ ರಿಂಗ್ ತಿರುಗಿಸಬೇಕು. ಆ ಸಂಖ್ಯೆಯೇ ಬೇಕಾದ ಅಪರ್ಚರ್.

ಸ್ಕೇಲ್ ಇಲ್ಲದಿದ್ದರೆ ಸರಳ ಲೆಕ್ಕವಿದೆ. ಫೋಕಲ್ ಲೆಂತ್‌ನ ವರ್ಗವನ್ನು ಅಪರ್ಚರ್ ಸಂಖ್ಯೆ ಮತ್ತು ವೃತ್ತದ ಮಿತಿಯ ಗುಣಲಬ್ಧದಿಂದ ಭಾಗಿಸಬೇಕು. 80 ಎಂ.ಎಂ. ಲೆನ್ಸ್, ಎಫ್/16 ಇದ್ದರೆ 6400 ಭಾಗಿಸು 0.8, ಅಂದರೆ 8000 ಮಿ.ಮೀ. ಇದು 8 ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ 4 ಮೀಟರ್‌ನಿಂದ ದೂರದ ಬೆಟ್ಟದವರೆಗೂ ಸ್ಪಷ್ಟವಾಗಿರುತ್ತದೆ. ಇದನ್ನು ಹೈಪರ್‌ಫೋಕಲ್ ದೂರ ಎನ್ನುತ್ತಾರೆ.

ಸ್ಕೇಲ್ ಅನ್ನು ಪೂರ್ತಿ ನಂಬಬಹುದೇ?

ಇಲ್ಲ. ಸಾಧಾರಣ ಗಾತ್ರದ ಪ್ರಿಂಟ್ ಅನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡುವವರನ್ನು ಗಮನದಲ್ಲಿಟ್ಟು ಆ ಗುರುತುಗಳನ್ನು ಹಾಕಲಾಗಿದೆ. ಈಗ ನೆಗೆಟಿವ್ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡುವವರೇ ಹೆಚ್ಚು. ಹಾಗೆ ನೋಡಿದಾಗ ಸ್ಕೇಲ್ ಪ್ರಕಾರ ಸ್ಪಷ್ಟವಾಗಿರಬೇಕಾದ ಅಂಚು ಮಸುಕಾಗಿ ಕಾಣುತ್ತದೆ. ಹಾಗಾಗಿ ಒಂದೆರಡು ಸ್ಟಾಪ್ ಬಿಗಿಯಾಗಿ ಲೆಕ್ಕ ಹಿಡಿಯುವುದು ಕ್ಷೇಮ. ಲೆನ್ಸ್ ಎಫ್/16ರಲ್ಲಿದ್ದರೆ ಸ್ಕೇಲ್‌ನಲ್ಲಿ 11 ಅಥವಾ 8ರ ಗುರುತು ನೋಡಬೇಕು. ಎರಡು ಸ್ಟಾಪ್ ಬಿಗಿ ಮಾಡಿದರೆ ವೃತ್ತದ ಮಿತಿ ಅರ್ಧಕ್ಕಿಳಿಯುತ್ತದೆ.

ವ್ಯೂಫೈಂಡರ್ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಬಳಸಿದ್ದ ರೋಲಿಫ್ಲೆಕ್ಸ್‌ನಂಥ ಟಿಎಲ್‌ಆರ್‌ಗಳಲ್ಲಿ ನೋಡುವ ಲೆನ್ಸ್ ಬೇರೆ, ಫೋಟೊ ತೆಗೆಯುವ ಲೆನ್ಸ್ ಬೇರೆ. ಕೆಳಗಿನ ಲೆನ್ಸ್‌ನ ಅಪರ್ಚರ್ ಎಷ್ಟು ಕಿರಿದಾಗಿಸಿದರೂ ಮೇಲಿನ ನೋಟ ಬದಲಾಗದು. ಹ್ಯಾಸಲ್‌ಬ್ಲಾಡ್ 500 ಸರಣಿಯಂಥ ಕ್ಯಾಮೆರಾಗಳಲ್ಲಿ ಅಪರ್ಚರ್ ಮುಚ್ಚಿ ನೋಡುವ ಸೌಲಭ್ಯವಿದೆ. ಆದರೆ ಎಫ್/16ರಲ್ಲಿ ಪರದೆ ಕತ್ತಲಾಗುತ್ತದೆ.

ಚಂದ್ರನ ಮೇಲೂ ಅಂದಾಜೇ ಆಧಾರ

1969ರ ಜುಲೈನಲ್ಲಿ ಅಪೊಲೊ 11 ಗಗನಯಾತ್ರಿಗಳು ಚಂದ್ರನ ನೆಲದಲ್ಲಿ ಬಳಸಿದ್ದು 60 ಎಂ.ಎಂ. ಲೆನ್ಸ್‌ನ ಹ್ಯಾಸಲ್‌ಬ್ಲಾಡ್. ಗಗನಯಾತ್ರಿಯ ಎದೆಯ ಮೇಲೆ ಸಿಕ್ಕಿಸಬಹುದಾಗಿದ್ದ ಆ ಕ್ಯಾಮೆರಾಗೆ ವ್ಯೂಫೈಂಡರ್ ಇರಲಿಲ್ಲ. ದೂರ ಅಂದಾಜಿಸಿ, ಉಳಿದದ್ದನ್ನು ಡೆಪ್ತ್ ಆಫ್ ಫೀಲ್ಡ್‌ಗೆ ಬಿಟ್ಟೇ ಅವರು ಫೋಟೊ ತೆಗೆದರು.

ಗ್ರೂಪ್ ಫೋಟೊಗೆ ಪರಿಹಾರವೇನು?

ಅಜ್ಜ, ಅಜ್ಜಿ 2.7 ಮೀಟರ್, ಹಿಂದಿನ ಸಾಲು 3.4 ಮೀಟರ್ ದೂರದಲ್ಲಿದ್ದಾರೆ ಎಂದುಕೊಳ್ಳೋಣ. 80 ಎಂ.ಎಂ. ಲೆನ್ಸ್ ಅನ್ನು 3 ಮೀಟರ್‌ಗೆ ಫೋಕಸ್ ಮಾಡಿ ಎಫ್/2.8ರಲ್ಲಿ ತೆಗೆದರೆ ಸ್ಪಷ್ಟ ವಲಯ ಸಿಗುವುದು 38 ಸೆಂ.ಮೀ. ಅಷ್ಟೇ, ಎರಡೂ ಸಾಲು ಹೊರಗುಳಿಯುತ್ತವೆ. ಎಫ್/5.6ರಲ್ಲಿ 2.66ರಿಂದ 3.44 ಮೀಟರ್‌ವರೆಗೆ ಸಿಗುತ್ತದೆ, ಅಂದರೆ ಅಂಚಿನಲ್ಲಿ ಪಾಸು. ಎಫ್/8 ಅಥವಾ ಎಫ್/11 ಇಟ್ಟರೆ ನಿಶ್ಚಿಂತೆ.

ಇದಕ್ಕೆ ಬೆಲೆ ತೆರಬೇಕಾದದ್ದು ಬೆಳಕಿನಲ್ಲಿ. ಎಫ್/2.8ಕ್ಕೆ ಹೋಲಿಸಿದರೆ ಎಫ್/11ರಲ್ಲಿ ಲೆನ್ಸ್ ಒಳಗೆ ಬರುವ ಬೆಳಕು 16ನೇ ಒಂದು ಭಾಗ. ಸಂಜೆಯಾಗಿದ್ದರೆ ಅಥವಾ ಹಾಲ್ ಒಳಗಿದ್ದರೆ ಟ್ರೈಪಾಡ್ ಬೇಕು. ಇಲ್ಲವಾದರೆ ಎರಡು ಸಾಲುಗಳನ್ನು ಇನ್ನಷ್ಟು ಹತ್ತಿರ ನಿಲ್ಲಿಸಬೇಕು. ಎಲ್ಲಕ್ಕಿಂತ ಅಗ್ಗದ ಉಪಾಯ ಅದೇ.