ತಡವಾದ ಹೆಜ್ಜೆಗೆ ಬೇಗನೆ ಆಸರೆ

ವರ್ಷ ಎರಡಾದರೂ ಮಗು ಮಾತಾಡದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಜೆ. ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ‘ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು’ ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಕೆಲವು ಮಕ್ಕಳ ವಿಷಯದಲ್ಲಿ ಅಜ್ಜಿಯ ಮಾತು ನಿಜವಾಗುವುದೂ ಉಂಟು. ಆದರೆ ಮಗುವಿಗೆ ಕಿವಿಯೇ ಕೇಳದಿದ್ದರೆ ಬಜೆ ಏನು ಮಾಡೀತು? ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ‘ನೋಡೋಣ’ ಎನ್ನುತ್ತಾ ನಾವು ಕಳೆಯುವುದೂ ಅದೇ ವರ್ಷಗಳನ್ನು.

ಇಂಥ ಮಕ್ಕಳಿಗಾಗಿಯೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಸಿಬ್ಬಂದಿಯ ಬಾಯಲ್ಲಿ ಅದು ‘ಡಿಇಐಸಿ’. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವಿದು. ಆಯುಷ್ ವೈದ್ಯರಿರುವ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅನುಮಾನ ಬಂದವರನ್ನು ಕೇಂದ್ರಕ್ಕೆ ಕಳಿಸಬೇಕು. ಮಕ್ಕಳ ತಜ್ಞರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಸಿಗಬೇಕೆಂಬುದು ಇದರ ಆಶಯ.

ಒಳಗೆ ನಡೆಯುವುದು ನೋಡುವವರಿಗೆ ಆಟದಂತೆಯೇ ಕಾಣುತ್ತದೆ. ಕತ್ತು ನಿಲ್ಲದ ಕೂಸನ್ನು ಬೋರಲು ಮಲಗಿಸಿ, ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮುಂದೆ ಗಿಲಕಿ ಆಡಿಸುತ್ತಾರೆ. ಸದ್ದಿನ ಕಡೆ ತಲೆಯೆತ್ತಿದಷ್ಟೂ ಕತ್ತಿಗೆ, ಬೆನ್ನಿಗೆ ಬಲ. ಸೆರೆಬ್ರಲ್ ಪಾಲ್ಸಿಯಿಂದ ಕಾಲು ಬಿಗಿದು ಕತ್ತರಿಯಂತಾಗುವ ಮಗುವನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳಲು ಅಮ್ಮನಿಗೆ ಹೇಳಿಕೊಡುತ್ತಾರೆ. ಮಾತು ಬಾರದ ಮಗುವಿಗೆ ಚೆಂಡನ್ನು ಕೂಡಲೇ ಕೊಡುವುದಿಲ್ಲ. ಅದು ಕಣ್ಣಿಟ್ಟು ನೋಡುವವರೆಗೆ, ಕೈ ಚಾಚುವವರೆಗೆ, ಒಂದು ‘ಆ’ ಎನ್ನುವವರೆಗೆ ಕಾಯುತ್ತಾರೆ. ಕೇಳುವ ಆಸೆ ಹುಟ್ಟಿದ ಮೇಲೆ ಮಾತಿಗೆ ದಾರಿ.

ತಜ್ಞರ ಕೈಯಲ್ಲಿ ಮಗು ಇರುವುದು ವಾರದಲ್ಲಿ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಅಲ್ಲಿ ನಿಜವಾಗಿ ಪಾಠವಾಗುವುದು ಹೆತ್ತವರಿಗೆ. ಸ್ನಾನ, ಊಟ, ಬಟ್ಟೆ ತೊಡಿಸುವುದು, ಅಡುಗೆಮನೆಯ ಪಾತ್ರೆ ಎಲ್ಲವೂ ಥೆರಪಿಯ ಸಾಮಗ್ರಿಯೇ. ಅಪ್ಪನೂ ಅಜ್ಜಿಯೂ ಕೈಜೋಡಿಸಿದ ಮನೆಯಲ್ಲಿ ಅಮ್ಮನ ಹೊರೆ ಇಳಿಯುತ್ತದೆ, ಮಗುವಿಗೆ ಅಭ್ಯಾಸವೂ ಹೆಚ್ಚುತ್ತದೆ.

ಥೆರಪಿಯಿಂದ ಡೌನ್ ಸಿಂಡ್ರೋಮ್ ಆಗಲಿ ಸೆರೆಬ್ರಲ್ ಪಾಲ್ಸಿಯಾಗಲಿ ವಾಸಿಯಾಗುವುದಿಲ್ಲ. ತಾನೇ ಕೂರುವುದು, ತುತ್ತು ಬಾಯಿಗಿಡುವುದು, ಬೇಕು ಬೇಡ ತಿಳಿಸುವುದು ಸಾಧ್ಯವಾದರೆ ಅದೇ ದೊಡ್ಡ ಗೆಲುವು. ಆದರೆ ಕೆಲವು ತೊಂದರೆಗಳು ಬೇಗ ಪತ್ತೆಯಾದರೆ ಫಲಿತಾಂಶವೇ ಬೇರೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸಿಗೆ ಮೊದಲ ಎರಡು ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿಮಾಂದ್ಯವನ್ನು ಬಹುಮಟ್ಟಿಗೆ ತಡೆಯಬಹುದು. ಶ್ರವಣದೋಷಕ್ಕೆ ತಜ್ಞರ ಲೆಕ್ಕ ಹೀಗಿದೆ: 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರುವಾಸಿ.

ಮನೆಯವರು ಗಮನಿಸಬೇಕಾದ್ದು ಇಷ್ಟು: 2 ತಿಂಗಳಿಗೆ ಮುಖ ನೋಡಿ ನಗು, 5 ತಿಂಗಳೊಳಗೆ ಕತ್ತು ನಿಲ್ಲುವುದು, 9ಕ್ಕೆ ಆಸರೆಯಿಲ್ಲದೆ ಕೂರುವುದು, ವರ್ಷದೊಳಗೆ ಹೆಸರಿಗೆ ತಿರುಗುವುದು, 18 ತಿಂಗಳಿಗೆ ನಡಿಗೆ, 2 ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳ ಜೋಡಣೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ವೈದ್ಯರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ವಯಸ್ಸು ಎಣಿಸಬೇಕು.

ಇವುಗಳಲ್ಲಿ ಯಾವುದಾದರೂ ತಪ್ಪಿದ್ದರೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಕಾಯಿಲೆಯ ಹೆಸರು ಗೊತ್ತಾಗುವವರೆಗೆ ಕಾಯಬೇಕಿಲ್ಲ. ಯಾವ ತಜ್ಞರು ಯಾವ ದಿನ ಸಿಗುತ್ತಾರೆಂದು ಮೊದಲೇ ವಿಚಾರಿಸಿಕೊಂಡು, ಈ ವಾರವೇ ಕೇಂದ್ರಕ್ಕೆ ಹೊರಡಿ. ಸೇವೆ ಉಚಿತ.